ಟಿಸಿ ಕೊಟ್ಟರೆ ಮುಗಿಯಿತೆ?

ಏಳನೇ ಕ್ಲಾಸಿನ ಹುಡುಗನೊಬ್ಬ ಇನ್ನೊಬ್ಬನ ಹಲ್ಲು ಉದುರಿಸಿದ ಎಂದಿಟ್ಟುಕೊಳ್ಳಿ. ಎಸ್‌ಡಿಎಂಸಿ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಟಿಸಿ ಕೊಟ್ಟು ಕಳಿಸಿ ಸಾರ್.’

ಒರಟು ಮಾತೆಂದು ಅದನ್ನು ತಳ್ಳಿಹಾಕುವಂತಿಲ್ಲ. ಪೆಟ್ಟು ತಿಂದವನು ಮರುದಿನ ಅದೇ ಕ್ಲಾಸಿಗೆ ಬರಬೇಕು, ಬಿಸಿಯೂಟದ ಸಾಲಿನಲ್ಲಿ ಹೊಡೆದವನ ಮುಂದೆಯೇ ತಟ್ಟೆ ಹಿಡಿದು ನಿಲ್ಲಬೇಕು. ‘ಹೊಟ್ಟೆನೋವು’ ಎಂದು ಮನೆಯಲ್ಲಿ ಉಳಿಯುವ ಮಕ್ಕಳಲ್ಲಿ ಹೊಟ್ಟೆ ನೋಯದವರೂ ಇರುತ್ತಾರೆ. ಎಷ್ಟೋ ಸಲ ಹೊಡೆದವನು ಆರಾಮಾಗಿ ಉಳಿಯುತ್ತಾನೆ, ತಿಂದವನ ತಾಯಿಯೇ ಟಿಸಿ ಕೇಳಿಕೊಂಡು ಬರುತ್ತಾಳೆ.

ಕಾನೂನು ಮಾತ್ರ ಹೊರಹಾಕಲು ಬಿಡುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ತೆಗೆಯುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಫೇಲ್ ಮಾಡಲು ದಾರಿ ಬಿಟ್ಟಿತು, ಇದನ್ನು ಮುಟ್ಟಲಿಲ್ಲ. 17ನೇ ಕಲಂ ಬೆತ್ತವನ್ನೂ ಕಿತ್ತುಕೊಂಡಿದೆ. ‘ಬೆತ್ತವೂ ಇಲ್ಲ, ಟಿಸಿಯೂ ಇಲ್ಲ, ಕೈ ಕಟ್ಟಿ ಕೂರೋಣವೇ?’ ಎಂದು ಮೇಷ್ಟರು ಸಿಡುಕಿದರೆ ಅದರಲ್ಲಿ ಹುರುಳಿದೆ. ‘ಕೌನ್ಸೆಲಿಂಗ್ ಮಾಡಿ’ ಎಂಬ ಸಲಹೆ ಸುಲಭ. ಜನಗಣತಿ, ಚುನಾವಣೆ ಕೆಲಸದ ನಡುವೆ ಅದನ್ನು ಮಾಡುವವರು ಯಾರು? ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಬರೆದಿರುತ್ತದೆ, ಸರಿ. ಹುಡುಗನ ಹತ್ತಿರ ಫೋನೇ ಇರುವುದಿಲ್ಲ.

ಇನ್ನು ಬೆಂಗಳೂರಿನ ತಣಿಸಂದ್ರದಂಥ ಕಡೆ ಟಿಸಿ ಎಂದರೆ ಏನೆಂದು ನೋಡಿ. ಮಾನ್ಯತಾ ಟೆಕ್ ಪಾರ್ಕಿನ ಆಸುಪಾಸು ಕಟ್ಟಡ ಏಳುವಲ್ಲೆಲ್ಲ ಉತ್ತರ ಕರ್ನಾಟಕದಿಂದ ಗುಳೆ ಬಂದವರ ಶೆಡ್ಡುಗಳು. ಆ ಶೆಡ್ಡಿನಿಂದ ಶಾಲೆಗೆ ಬರುವ ಹುಡುಗನ ಮಾತಿನ ಧಾಟಿಯನ್ನು ಅಣಕಿಸುತ್ತಾರೆ, ಅಡ್ಡಹೆಸರು ಇಡುತ್ತಾರೆ, ಒಂದು ದಿನ ಅವನು ಕೈ ಎತ್ತುತ್ತಾನೆ. ‘ಅಪ್ಪನ್ನ ಕರ್ಕೊಂಡ್ ಬಾ’ ಎಂದರೆ ಅಪ್ಪನ ಒಂದು ದಿನದ ಕೂಲಿ ಹೋಯಿತು. ಆ ಉರಿಗೆ ಹೆಡ್‌ಮೇಷ್ಟರ ಎದುರೇ ಮಗನ ಕೆನ್ನೆಗೆ ಬಾರಿಸುತ್ತಾನೆ. ಹುಡುಗ ಇದನ್ನೆಲ್ಲ ಎಲ್ಲಿ ಕಲಿತ ಎಂದು ಬೇರೆ ವಿಚಾರಣೆ ಬೇಕಿಲ್ಲ. ಟಿಸಿ ಸಿಕ್ಕಿದರೆ ಇವನು ಬೇರೆ ಶಾಲೆಗೆ ಹೋಗುವುದಕ್ಕಿಂತ ಅಪ್ಪನ ಜೊತೆ ಸೈಟಿಗೆ ಹೋಗುವ ಸಂಭವವೇ ಹೆಚ್ಚು.

ಉಳಿಸಿಕೊಳ್ಳಿ ಎನ್ನುವವರ ಕಡೆಗೇ ನಾನು ವಾಲುತ್ತೇನೆ. ಆದರೆ ಸೆಕ್ಷನ್ ಬದಲಿಸಬೇಕಾದವನು, ಇಂಟರ್ವಲ್ಲಿನಲ್ಲಿ ಸ್ಟಾಫ್‌ರೂಮಿನ ಮುಂದೆ ಕೂರಬೇಕಾದವನು ಹೊಡೆದವನು. ನಮ್ಮಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಒಂದೇ ಸೆಕ್ಷನ್ ಇರುವ ಶಾಲೆಯಲ್ಲಿ ಈ ಸೂತ್ರ ನಡೆಯದು; ಅಲ್ಲಿ ಮನೆಯವರು ಒಪ್ಪಿ, ಪಕ್ಕದ ಸರ್ಕಾರಿ ಶಾಲೆಯಲ್ಲಿ ಹೆಸರು ಹಚ್ಚಿದ್ದು ಬಿಇಒ ಕಚೇರಿಗೆ ಖಾತ್ರಿಯಾದ ಮೇಲೆ ಟಿಸಿ ಬರೆಯಲಿ.