ಹೆಸರಿನ ಕಾವಲು

ಒಳ್ಳೆಯ ಹೆಸರು ಹಲವು ವರ್ಷಗಳ ಪ್ರಾಮಾಣಿಕ ದುಡಿಮೆಯ ಗಳಿಕೆ. ಅಂತರಜಾಲದಲ್ಲಾದರೋ ವಿಳಾಸದ ಹೆಸರು ಮೊದಲು ಕೇಳಿದವರ ಪಾಲಾಗುತ್ತದೆ. ‘ಸಿಫಿ’ ಎಂಬ ಹೆಸರಿನ ವ್ಯಾಜ್ಯವು ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಮೊದಲಾಗಿ, ಹೈಕೋರ್ಟನ್ನು ದಾಟಿ, 2004ರಲ್ಲಿ ಸುಪ್ರೀಂ ಕೋರ್ಟನ್ನು ಮುಟ್ಟಿತು. ಇಂಥ ವಿಳಾಸಕ್ಕೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆಯುಂಟೆಂದು ತೀರ್ಪಾಯಿತು.

ಇಂತಹ ಅಲೆದಾಟ ತಪ್ಪಲೆಂದೇ ಮುಂಗಡ ನೋಂದಣಿಯ ಏರ್ಪಾಡಿದೆ. 2005ರಲ್ಲಿ ‘ಡಾಟ್ ಇನ್’ ವಿಳಾಸಗಳನ್ನು ಫೆಬ್ರವರಿ 16ರಂದು ಸಾರ್ವಜನಿಕರಿಗೆ ತೆರೆಯುವ ಮುನ್ನ, ಜನವರಿ 1ರಿಂದ 21ರವರೆಗೆ ನೋಂದಾಯಿತ ಟ್ರೇಡ್‌ಮಾರ್ಕಿನ ಒಡೆಯರಿಗೆ ಮೊದಲ ಅವಕಾಶ ದೊರೆಯಿತು. ಹೊಸ ಬಗೆಯ ವಿಳಾಸಗಳು ಬರುವಾಗ ಈ ಪದ್ಧತಿ ಇಂದಿಗೂ ಉಂಟು. ಆದರೆ ಟ್ರೇಡ್‌ಮಾರ್ಕ್ ಪಡೆಯದ ಅಂಗಡಿಯು, ಎಷ್ಟೇ ತಲೆಮಾರಿನದಾಗಿರಲಿ, ಆ ಸಾಲಿನಲ್ಲಿ ನಿಲ್ಲಲಾರದು. ಆದುದರಿಂದ ಹಿರಿಯರು ಗಳಿಸಿಕೊಟ್ಟ ಹೆಸರನ್ನು ಕಿರಿಯರು ಸಕಾಲದಲ್ಲಿ ನೋಂದಾಯಿಸಿಕೊಳ್ಳುವುದು ಒಳಿತು.