ಸುಖದ ಯಂತ್ರವೂ ನೀಲಾಂಜನೆಯೂ

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ಭಾಷಣ ಮಾಡಿದರು. ನಡುವೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕಿದರು: "ಒಂದು ಯಂತ್ರವಿದೆಯೆನ್ನಿ. ಅದರೊಳಗೆ ಮಲಗಿದರೆ ಸಾಯುವ ತನಕ ಸುಖವೇ ಸುಖ. ನೀವು ಬಯಸಿದ್ದೆಲ್ಲ ನಡೆದಂತೆಯೇ ತೋರುತ್ತದೆ. ನಿಜವಾಗಿ ನಡೆಯುವುದು ಮಾತ್ರ ಏನೂ ಇಲ್ಲ. ಯಾರು ಯಾರು ಹೋಗುವಿರಿ?" ಎದ್ದ ಕೈಗಳು ನಾಲ್ಕೋ ಐದೋ. ಮಿತ್ರರಿಗೆ ಬಹಳ ಸಂತೋಷವಾಯಿತು. "ನೋಡಿದಿರಾ, ಮನುಷ್ಯನಿಗೆ ಸುಖಕ್ಕಿಂತ ಸತ್ಯವೇ ದೊಡ್ಡದು" ಎಂದು ಸಾರಿ ಕುಳಿತರು. ಹಿಂದಿನ ಸಾಲಿನಲ್ಲಿದ್ದ ನಾನೂ ಎಲ್ಲರೊಡನೆ ಚಪ್ಪಾಳೆ ತಟ್ಟಿದೆ. ಮನೆಗೆ ಬಂದಮೇಲೆ ಅದಕ್ಕಾಗಿ ನಾಚಿಕೆಯಾಯಿತು. ಆ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ ನಮ್ಮ ಮಿತ್ರರದಲ್ಲ. ಅಮೆರಿಕದ ರಾಬರ್ಟ್ ನೋಜಿಕ್ ಎಂಬ ತತ್ತ್ವಜ್ಞಾನಿ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದು ಬರುತ್ತದೆ. ನೀರಿನ ತೊಟ್ಟಿಯಲ್ಲಿ ತೇಲುತ್ತಿರುವ ಮನುಷ್ಯ, ಮೆದುಳಿಗೆ ಸೇರಿಸಿದ ತಂತಿಗಳು. ಅವನಿಗೋ ತಾನು ಮಹಾಕಾದಂಬರಿ ಬರೆಯುತ್ತಿದ್ದೇನೆ, ಗೆಳೆಯರನ್ನು ಗಳಿಸುತ್ತಿದ್ದೇನೆ ಎಂಬ ಅನುಭವ. ಎರಡು ವರ್ಷಕ್ಕೊಮ್ಮೆ ಹೊರಗೆ ಬಂದು ಮುಂದಿನ ಎರಡು ವರ್ಷದ ಸುಖವನ್ನು ಆರಿಸಿಕೊಳ್ಳುವ ಸೌಕರ್ಯವೂ ಉಂಟು. ನಾವು ಇದರೊಳಗೆ ಹೋಗಲಾರೆವು ಎಂದು ನೋಜಿಕ್ ಅಂದ. ಅಲ್ಲಿಂದೀಚೆಗೆ ತರಗತಿಗಳಲ್ಲಿ ಕೈಯೆತ್ತಿಸಿ ಎಣಿಸುವುದು ಒಂದು ಪದ್ಧತಿಯೇ ಆಗಿದೆ.

ಆದರೆ ಫೆಲಿಪೆ ಡಿ ಬ್ರಿಗಾರ್ಡ್ ಎಂಬ ಮತ್ತೊಬ್ಬ ವಿದ್ವಾಂಸ ಪ್ರಶ್ನೆಯನ್ನೇ ತಿರುಗಿಸಿ ಹಾಕಿ, ಬಂದ ಉತ್ತರಗಳನ್ನು 2010ರಲ್ಲಿ ಪ್ರಕಟಿಸಿದ. "ನೀವು ಈವರೆಗೆ ಬಾಳಿದ್ದೇ ಯಂತ್ರದೊಳಗಿನ ಬಾಳು. ಈಗ ಗೊತ್ತಾಯಿತಲ್ಲ, ಹೊರಗೆ ಬರುವಿರಾ?" ಸತ್ಯವೇ ದೊಡ್ಡದಾಗಿದ್ದರೆ ಎಲ್ಲರೂ ಹೊರಕ್ಕೆ ಧುಮುಕಬೇಕಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಳಗೇ ಇರುತ್ತೇವೆಂದರು. ಹೊರಗೆ ಕಾದಿರುವುದು ಸೆರೆಮನೆ ಎಂದು ಹೇಳಿದಾಗಲಂತೂ ಬಹುಪಾಲು ಜನ ಅಲ್ಲಾಡಲಿಲ್ಲ. ಹಾಗಾದರೆ ನಮ್ಮ ಸಭೆಯಲ್ಲಿ ಏಳದೆ ಉಳಿದ ಕೈಗಳು ಸತ್ಯಕ್ಕೆ ಸಾಕ್ಷಿ ಹೇಳಿದವೆಂದು ತಿಳಿಯುವುದು ಹೇಗೆ? ಇದ್ದ ಮನೆ ಬಿಡಲು ಮನಸ್ಸಿಲ್ಲ ಎಂದಷ್ಟೇ ಅವು ಹೇಳಿರಬಹುದು. ಅದೂ ಮಧ್ಯಾಹ್ನದ ಊಟ ಮುಗಿಸಿ, ಫ್ಯಾನಿನ ಕೆಳಗೆ ಕುಳಿತ ಇಪ್ಪತ್ತು ವರ್ಷದ ಕೈಗಳು! ಇದೇ ಪ್ರಶ್ನೆಯನ್ನು ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಕೇಳಿ ನೋಡಬೇಕು.

ಜನ ಹೋಗುತ್ತಾರೆ ಎಂದೇ ನನ್ನ ಮತ. ಹೋದರೆ ತಪ್ಪೇನು ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಒಳಗಿರುವವನು ಸುಖಿ, ಅವನಿಗೆ ಕೊರತೆಯೇ ತಿಳಿಯದು, ತಿಳಿಯದ ಕೊರತೆ ಕೊರತೆಯೇ? ಸಭೆಯ ಬಳಿಕ ಒಬ್ಬ ಹುಡುಗ ಹೀಗೆ ಕೇಳಿದಾಗ ಮಿತ್ರರು "ಸತ್ಯ, ಸತ್ಯ" ಎಂದು ಮತ್ತೆರಡು ಸಲ ಹೇಳಿದರೇ ಹೊರತು ಉತ್ತರ ಕೊಡಲಿಲ್ಲ. ನಾನು ಕನ್ನಡ ಪಾಠ ಹೇಳುವವನು. ನನಗೆ ತಿಳಿದ ಉತ್ತರ ಪಂಪನಲ್ಲಿದೆ.

ಕ್ರಿ.ಶ. 941ರ 'ಆದಿಪುರಾಣ'ದಲ್ಲಿ ಪುರುದೇವನ ಸಭೆಯಲ್ಲಿ ನೀಲಾಂಜನೆ ಕುಣಿಯುತ್ತಾಳೆ. ಅವಳ ಆಯುಸ್ಸು ಮುಗಿಯುತ್ತ ಬಂದಿರುವುದು ಇಂದ್ರನಿಗೆ ಗೊತ್ತು. ಗೊತ್ತಿದ್ದೇ ಅವಳನ್ನು ಕಳಿಸಿದ್ದಾನೆ. ಕುಣಿಯುತ್ತ ಕುಣಿಯುತ್ತಲೇ ಅವಳು ಇಲ್ಲವಾಗುತ್ತಾಳೆ. ರಸಭಂಗವಾದೀತೆಂದು ಇಂದ್ರ ಆ ಕ್ಷಣದಲ್ಲಿಯೇ ಅವಳಂಥವಳೇ ಇನ್ನೊಬ್ಬಳನ್ನು ನಿರ್ಮಿಸಿ ನಿಲ್ಲಿಸುತ್ತಾನೆ. ಅದೇ ರಂಗ, ಅದೇ ಕುಣಿತ. ಸಭೆಗೆ ಏನೂ ತಿಳಿಯದು. ಪುರುದೇವನೊಬ್ಬನಿಗೆ ತಿಳಿಯುತ್ತದೆ, ಅವನು ರಾಜ್ಯ ಬಿಟ್ಟು ನಡೆಯುತ್ತಾನೆ.

ಇದನ್ನು ವೈರಾಗ್ಯದ ಪ್ರಸಂಗವೆಂದು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಪುರುದೇವನ ಕಡೆಯಿಂದ ನೋಡಿದರೆ ಅದು ಸರಿಯೇ. ಸಭೆಯ ಕಡೆಯಿಂದ ನೋಡಬೇಕೆಂದು ನನಗೆ ತೋರಿದ್ದು ಈಚೆಗೆ. ಸಭೆಯವರ ಸುಖದಲ್ಲಿ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಆ ಹುಡುಗನ ಲೆಕ್ಕದಲ್ಲಿ ಯಾರಿಗೂ ನಷ್ಟವಿಲ್ಲ. ಆದರೆ ನೀಲಾಂಜನೆ? ಅವಳು ಸತ್ತಳು, ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ತುಂಬಿದ ಸಭೆಯಲ್ಲಿ ಒಬ್ಬನ ಬಾಯಿಂದಲೂ "ಅಯ್ಯೋ" ಎಂಬ ಒಂದು ಮಾತು ಅವಳಿಗೆ ದಕ್ಕಲಿಲ್ಲ. ಸುಖದ ಯಂತ್ರದ ನಷ್ಟವನ್ನು ಒಳಗಿರುವವನ ಮುಖದಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ನಷ್ಟವಾಗುವುದು ಅವನಿಂದ ಏನೋ ಸಲ್ಲಬೇಕಾಗಿದ್ದವರಿಗೆ. ತೀರಿಕೊಂಡವರ ದನಿಯಲ್ಲೇ ಮಾತಾಡುವ ಕಂಪ್ಯೂಟರುಗಳು ಈಗ ಬಂದಿವೆ. ಅವುಗಳಿಂದ ಸಮಾಧಾನ ಸಿಕ್ಕುತ್ತದೆ ಎನ್ನುವವರನ್ನು ನಾನು ಹಳಿಯುವುದಿಲ್ಲ; ಸಭೆಗೂ ಸಮಾಧಾನವಾಗಿಯೇ ಇತ್ತು.

ಜೈನ ಪುರಾಣಗಳ ಭೋಗಭೂಮಿಯನ್ನು ನೋಡಿ. ಅಲ್ಲಿ ಉಳುಮೆಯಿಲ್ಲ, ರೋಗವಿಲ್ಲ. ಬೇಕಾದುದನ್ನೆಲ್ಲ ಹತ್ತು ಬಗೆಯ ಕಲ್ಪವೃಕ್ಷಗಳು ಕೊಡುತ್ತವೆ. ಮಕ್ಕಳು ಅವಳಿಗಳಾಗಿ ಹುಟ್ಟುತ್ತಾರೆ, ಹುಟ್ಟಿದೊಡನೆ ತಾಯಿತಂದೆಗಳು ಒಂದು ಆಕಳಿಕೆ, ಒಂದು ಸೀನಿನಲ್ಲಿ ನೋವಿಲ್ಲದೆ ತೀರಿಹೋಗುತ್ತಾರೆ. ಅಂದರೆ ಅಲ್ಲಿ ಯಾವ ತಾಯಿಯೂ ಮಗುವಿನ ಮುಖ ನೋಡಿದವಳಲ್ಲ, ಯಾವ ಮಗುವೂ ತಾಯಿಗಾಗಿ ಅತ್ತದ್ದಲ್ಲ. ಮುಂದೆ ಆ ಕಾಲ ಇಳಿಯುತ್ತ ಬಂದಾಗ ಜನ ಮೊಟ್ಟಮೊದಲು ತಮ್ಮ ಮಕ್ಕಳ ಮುಖ ಕಂಡು ಹೆದರಿದರಂತೆ! ಅಖಂಡ ಸುಖಕ್ಕೆ ತೆರಬೇಕಾದ ಬೆಲೆ ಏನೆಂಬುದು ಆ ಪುರಾಣಕಾರರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ನೇರವಾಗಿ ಮೋಕ್ಷಕ್ಕೆ ದಾರಿಯಿಲ್ಲ, ಕರ್ಮಭೂಮಿಗೇ ಬರಬೇಕು ಎಂದೂ ಅವರು ಹೇಳಿದ್ದಾರೆ. ಯಂತ್ರಸುಖವೇ ನಮ್ಮ ಹಿರಿಯರು ಹೇಳಿದ ಆನಂದ ಎಂದು ಹಾರಾಡುವ ಆಧುನಿಕ ಆಧ್ಯಾತ್ಮಿಕರು ಇದನ್ನು ಗಮನಿಸಬೇಕು.

ಇಷ್ಟು ಹೇಳಿದವನು ತನ್ನ ಮನೆಯ ವಿಷಯ ಮುಚ್ಚಿಟ್ಟರೆ ಅನ್ಯಾಯವಾದೀತು. ನನ್ನ ತಾಯಿಗೆ ಮರೆವಿನ ಕಾಯಿಲೆ. ತಂದೆ ತೀರಿಕೊಂಡು ನಾಲ್ಕು ವರ್ಷವಾಯಿತು. ಮೊದಮೊದಲು ಅವಳು "ಇವರೆಲ್ಲಿ?" ಎಂದಾಗಲೆಲ್ಲ ನಿಜ ಹೇಳುತ್ತಿದ್ದೆವು. ಪ್ರತಿ ಸಲವೂ ಅವಳಿಗೆ ಅದು ಆಗ ತಾನೇ ಬಂದ ಸುದ್ದಿ. ದಿನಕ್ಕೆ ಎರಡು ಸಲ ವಿಧವೆಯಾದಳು. ಕಡೆಗೆ ನೋಡಲಾರದೆ, "ಸಂತೆಗೆ ಹೋಗಿದ್ದಾರಮ್ಮ, ಸಂಜೆಗೆ ಬರ್ತಾರೆ" ಎನ್ನತೊಡಗಿದೆ. ಅವಳ ಮುಖ ಅರಳಿತು. ಮನೆಯಲ್ಲಿ ಶಾಂತಿ ನೆಲೆಸಿತು. ಇಂದ್ರನ ಕೆಲಸ ಅಷ್ಟೇನೂ ಕಷ್ಟದ್ದಲ್ಲ ಎಂದು ನಾನು ಕಂಡುಕೊಂಡೆ. ನನ್ನ ತಂದೆಗಾಗಿ ನಲವತ್ತೈದು ವರ್ಷ ಅಡಿಗೆ ಮಾಡಿದ ಹೆಂಗಸು ಅವರಿಗಾಗಿ ಅಳುವುದು ಅಂದಿಗೆ ನಿಂತಿತು. ನಿಲ್ಲಿಸಿದವನು ನಾನು.

ಈ ಬೇಸಗೆಯಲ್ಲಿ ಒಂದು ದಿನ ಅವಳು ನನ್ನನ್ನೇ ದಿಟ್ಟಿಸಿ, "ದಿನಾ ಸಂತೆಗೆ ಹೋಗಿದ್ದಾರೆ ಅಂತೀಯಲ್ಲೋ, ಒಂದು ದಿನವಾದ್ರೂ ಒಂದು ಕಟ್ಟು ಸೊಪ್ಪು ತಂದಿದ್ದು ನಾನು ಕಾಣೆ" ಎಂದಳು. ನನ್ನ ಬಾಯಿ ಕಟ್ಟಿಹೋಯಿತು. ಮಾರನೆಯ ದಿನ ಬರುವಾಗ ಒಂದು ಕಟ್ಟು ದಂಟಿನ ಸೊಪ್ಪು ತಂದು ಅವಳ ಮುಂದಿಟ್ಟು, "ಅಪ್ಪ ಕಳಿಸಿದರು" ಎಂದೆ. ಅವಳು ಕಾಲು ಚಾಚಿ ಕುಳಿತು ಸೊಪ್ಪು ಬಿಡಿಸತೊಡಗಿದಳು. ನಾಳೆ ಕೇಳಿದರೂ ನಾನು ಹಾಗೆಯೇ ಮಾಡುವೆನೇನೋ. ಅದನ್ನು ಸರಿಯೆಂದು ವಾದಿಸಲು ಮಾತ್ರ ನನ್ನಿಂದಾಗದು.

ಆದ್ದರಿಂದ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಭಾಷಣದಲ್ಲಿ "ನೀವು ಯಂತ್ರದೊಳಗೆ ಹೋಗುವಿರಾ?" ಎಂದು ಕೇಳುವುದನ್ನು ಬಿಟ್ಟು, "ನಿಮ್ಮ ತಾಯಿಯನ್ನು ಕಳಿಸುವಿರಾ?" ಎಂದು ಕೇಳಲಿ. ಕೈಗಳನ್ನು ಎಣಿಸುವಾಗ ಹಿಂದಿನ ಸಾಲನ್ನೂ ಸೇರಿಸಿಕೊಳ್ಳಲಿ.