ಬೆಳೆಯುವ ಮೊಣಕೈಗೆ ವಿಶ್ರಾಂತಿ ಬೇಕು

ಅಮೆರಿಕದಲ್ಲಿ ನೆಲೆಸಿರುವ ಮಗನ ಮನೆಯಲ್ಲಿ ಆರು ತಿಂಗಳಿದ್ದು ಮರಳಿದ ಓದುಗ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಹನ್ನೆರಡು ವರ್ಷದ ಮೊಮ್ಮಗ ಬೇಸ್‌ಬಾಲ್ ತಂಡದ ಎಸೆತಗಾರ. ಬೆಳಿಗ್ಗೆ ಪೂಜೆಗೆ ಕುಳಿತು ವಿಭೂತಿ ಧರಿಸಲು ಬಲಗೈ ಮಡಿಸಿದಾಗ ಮುಖ ಹಿಂಡುತ್ತಾನೆ. ವಿಚಾರಿಸಿದರೆ, “ಏನೂ ಇಲ್ಲ ಅಜ್ಜಿ, ಅಪ್ಪನಿಗೆ ಹೇಳಬೇಡಿ” ಎನ್ನುತ್ತಾನೆ. ಇದು ಎಣ್ಣೆ ತಿಕ್ಕಿದರೆ ಹೋಗುವ ನೋವೇ ಎಂಬುದು ಅವರ ಪ್ರಶ್ನೆ.

ತಾಯೀ, ದಯವಿಟ್ಟು ತಿಕ್ಕಿಸಬೇಡಿ. ಮಗನಿಗೆ ಇಂದೇ ದೂರವಾಣಿ ಮಾಡಿ ವಿಷಯ ತಿಳಿಸಿರಿ.

ಕ್ರಿಕೆಟ್ಟಿನ ಬೌಲರ್ ಎಸೆಯುವಾಗ ಮೊಣಕೈಯನ್ನು ಮಡಿಸಿ ಬಿಡಿಸುವಂತಿಲ್ಲ. ಬೇಸ್‌ಬಾಲ್ ಎಸೆತಗಾರನಾದರೋ ಮಡಿಸಿದ ಕೈಯನ್ನು ಚಾಟಿಯಂತೆ ಬೀಸುತ್ತಾನೆ. ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಲವಾಗಿ ಜಗ್ಗಲ್ಪಡುತ್ತದೆ. ವಯಸ್ಕರಲ್ಲಿ ಈ ಜಗ್ಗಾಟದಿಂದ ಒಳಬದಿಯ ಅಸ್ಥಿರಜ್ಜು ಹರಿಯುವುದುಂಟು. ಬೆಳೆಯುವ ಬಾಲಕರಲ್ಲಿ ರಜ್ಜುವಿಗಿಂತಲೂ ದುರ್ಬಲವಾದ ತಾಣ ಬೇರೊಂದಿದೆ. ಒಳಬದಿಯ ಎಲುಬಿನ ಗುಬ್ಬಿಯು ಆ ವಯಸ್ಸಿನಲ್ಲಿ ಮುಖ್ಯ ಎಲುಬಿನೊಡನೆ ಪೂರ್ಣವಾಗಿ ಬೆಸೆದುಕೊಂಡಿರುವುದಿಲ್ಲ. ನಡುವೆ ಮೃದ್ವಸ್ಥಿಯ ಪದರವಿರುತ್ತದೆ. ಮತ್ತೆ ಮತ್ತೆ ಜಗ್ಗಿದಾಗ ಅದು ಊದಿ ನೋಯುತ್ತದೆ, ಕೆಲವೊಮ್ಮೆ ಗುಬ್ಬಿಯೇ ಕಿತ್ತುಬರುತ್ತದೆ. ವೈದ್ಯರು ಇದನ್ನು ‘ಲಿಟ್ಲ್ ಲೀಗ್ ಎಲ್ಬೋ’ ಎನ್ನುತ್ತಾರೆ. ಲಿಟ್ಲ್ ಲೀಗ್ ಎಂಬುದು ಅಲ್ಲಿನ ಮಕ್ಕಳ ಬೇಸ್‌ಬಾಲ್ ಸಂಸ್ಥೆ.

ಮೊದಲಲ್ಲೇ ಗುರುತಿಸಿದರೆ ಚಿಕಿತ್ಸೆ ಸರಳ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಎಸೆತವನ್ನು ಸಂಪೂರ್ಣ ನಿಲ್ಲಿಸಬೇಕು. ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬಹುದು. ನೋವು ಅಡಗಿ, ಎರಡೂ ಕೈಗಳು ಸಮನಾಗಿ ಚಾಚಿದ ಬಳಿಕ ಸಮೀಪದ ಮೆಲ್ಲನೆಯ ಎಸೆತದಿಂದ ಹಂತಹಂತವಾಗಿ ಮುಂದುವರಿಯಬೇಕು. ನೋವುನಿವಾರಕ ಗುಳಿಗೆ ನುಂಗಿಸಿ ಪಂದ್ಯಕ್ಕಿಳಿಸುವುದು ಮಾತ್ರ ಮಹಾಪರಾಧವೆಂದೇ ನಾನು ಹೇಳುವೆ. ಕ್ಷ-ಕಿರಣ ಚಿತ್ರ ಸರಿಯಾಗಿಯೇ ಕಂಡರೂ ಕಾಯಿಲೆ ಇರಬಹುದು. ನೋವು ಹೊರಬದಿಯಲ್ಲಿದ್ದು ಕೀಲು ಸಿಕ್ಕಿಕೊಂಡಂತಾದರೆ ಅದು ಹೆಚ್ಚು ಗಂಭೀರ. ಕೀಲಿನೊಳಗಿನ ಮೃದ್ವಸ್ಥಿ ಸಡಿಲಗೊಂಡಿರುವ ಸಂಭವವಿದ್ದು ತಜ್ಞರಿಗೆ ತಡಮಾಡದೆ ತೋರಿಸಬೇಕು.

ಮೂಲಕಾರಣ ಅತಿಯಾದ ಎಸೆತ. 2014ರಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಮಂಡಲಿಯು ವಯಸ್ಸಿಗೆ ತಕ್ಕ ಮಿತಿಯನ್ನು ಸೂಚಿಸಿತು. ಹನ್ನೊಂದು-ಹನ್ನೆರಡರ ಬಾಲಕ ದಿನಕ್ಕೆ 85 ಎಸೆತ ಮೀರಬಾರದು. 66ನ್ನು ತಲುಪಿದರೆ ಮುಂದಿನ ನಾಲ್ಕು ದಿನ ಎಸೆಯಬಾರದು. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಕೈಗೆ ಬಿಡುವು ಬೇಕು. ಬಾಲ ಎಸೆತಗಾರರನ್ನು ಹತ್ತು ವರ್ಷ ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ನೂರಕ್ಕಿಂತ ಹೆಚ್ಚು ಇನ್ನಿಂಗ್ಸ್ ಎಸೆದವರಿಗೆ ಗಂಭೀರ ಗಾಯದ ಸಂಭವ ಮೂರೂವರೆ ಪಟ್ಟು ಕಂಡುಬಂದಿತು. ಆದರೆ ಬಾಲಕ ಎರಡು ತಂಡಗಳಲ್ಲಿ ಆಡುತ್ತಿದ್ದರೆ ಒಬ್ಬ ತರಬೇತುದಾರನ ಲೆಕ್ಕ ಇನ್ನೊಬ್ಬನಿಗೆ ತಿಳಿಯದು. ಒಟ್ಟು ಲೆಕ್ಕವಿಡಬೇಕಾದವರು ಮನೆಯವರೇ.

ಅಲ್ಲಿನ ಕೆಲವು ಪಾಲಕರಲ್ಲಿ ವಿಚಿತ್ರ ನಂಬಿಕೆಯೊಂದಿದೆ. 1974ರಲ್ಲಿ ಲಾಸ್ ಏಂಜಲೀಸ್‌ನ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪ್ರಸಿದ್ಧ ಎಸೆತಗಾರನ ಹರಿದ ರಜ್ಜುವಿನ ಜಾಗದಲ್ಲಿ ಅವನದೇ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ಜೋಡಿಸಿದರು. 1976ರಲ್ಲಿ ಮೈದಾನಕ್ಕೆ ಮರಳಿದ ಆತ 1989ರವರೆಗೂ ಆಡಿದ. ಅಂದಿನಿಂದ ಆ ಶಸ್ತ್ರಚಿಕಿತ್ಸೆಗೆ ಅವನದೇ ಹೆಸರು. ಅದನ್ನು ಮಾಡಿಸಿಕೊಂಡರೆ ಕೈ ಮೊದಲಿಗಿಂತ ಬಲಿಷ್ಠವಾಗುವುದೆಂದು ನಂಬುವವರಿದ್ದಾರೆ. ಅದು ಹರಿದುದನ್ನು ಸರಿಪಡಿಸುವ ಉಪಾಯವೇ ಹೊರತು ಶಕ್ತಿ ತುಂಬುವ ಮಂತ್ರವಲ್ಲ. ಚೇತರಿಕೆಗೆ ವರ್ಷವೋ ಒಂದೂವರೆ ವರ್ಷವೋ ಹಿಡಿಯುತ್ತದೆ. ಎಲ್ಲರೂ ಮೊದಲಿನಂತೆ ಆಡಲಾರರು.

ನಿಮ್ಮ ಮೊಮ್ಮಗ ನೋವನ್ನು ಬಚ್ಚಿಡುತ್ತಿರುವುದು ತಂಡದಿಂದ ಹೊರಗಾಗುವ ಭಯದಿಂದ. ಗುಟ್ಟು ರಟ್ಟಾಯಿತೆಂದು ಅವನು ನಿಮ್ಮ ಮೇಲೆ ಒಂದೆರಡು ವಾರ ಮುನಿಸಿಕೊಂಡಾನು, ಮುನಿಸಿಕೊಳ್ಳಲಿ. ವೈದ್ಯರು ಸಮ್ಮತಿಸಿದ ಮೇಲೆ, ಎಸೆತದ ಶ್ರಮ ಕಡಿಮೆಯಿರುವ ಮೊದಲನೆಯ ಬೇಸ್‌ನಲ್ಲಿ ಅವನು ನಿಲ್ಲಬಹುದು ಎಂದೂ ಅವನಿಗೆ ಹೇಳಿರಿ.